ತೊಟ್ಟಿಗೆ ಹಾಕಿದ ಚಿಟಿಕೆ ಅಂಟು

ಅಮ್ಮ,

ಮುನ್ನೂರು ಸಲ ಚಾರ್ಜ್ ಮಾಡಿದ ಬ್ಯಾಟರಿಯನ್ನು ಇವತ್ತು ಬಿಚ್ಚಿ ನೋಡಿದೆ. ಒಳಗಿನ ಲಿಥಿಯಂ ಮೇಲೆ ಒಂದೇ ಒಂದು ಮುಳ್ಳೆದ್ದಿಲ್ಲ! ಎರಡು ವರ್ಷದಿಂದ ಆ ಮುಳ್ಳುಗಳೇ ಬೆಳೆದು, ನಡುವಿನ ಪೊರೆಯನ್ನು ಚುಚ್ಚಿ, ಬ್ಯಾಟರಿಯನ್ನೇ ಕೆಡಿಸುತ್ತಿದ್ದವು. ಎದೆಯ ಭಾರ ಇಳಿಯಿತು.

ದ್ರಾವಣದ ತೊಟ್ಟಿಯಲ್ಲಿ ಕರೆಂಟು ಹರಿಸಿ ಪಾತ್ರೆಗಳಿಗೆ ತಾಮ್ರದ ಲೇಪ ಕೊಡುವ ಕಾರ್ಖಾನೆಯಲ್ಲಿ ದುಡಿದವಳು ನೀನು. "ಅವಸರ ಮಾಡಿದ್ರೆ ಲೋಹ ಮುಳ್ಳೇಳುತ್ತೆ ಕಣೇ. ನಾವು ತೊಟ್ಟಿಗೆ ಚಿಟಿಕೆ ಅಂಟು ಹಾಕ್ತಿದ್ವಿ, ನೀನೂ ಏನಾದ್ರೂ ಬೆರೆಸಿ ನೋಡು" ಎಂದು ನೀನು ಫೋನಿನಲ್ಲಿ ಹೇಳಿದ್ದೆ. ಓದಿದ ಜಂಭ ನನಗೆ. "ಇದು ನಿನ್ನ ತೊಟ್ಟಿ ಕೆಲಸ ಅಲ್ಲಮ್ಮ" ಎಂದು ನಕ್ಕಿದ್ದೆ.

ನೀನು ತೀರಿಹೋಗಿ ಎರಡು ತಿಂಗಳಾದ ಮೇಲೆ ಬ್ಯಾಟರಿಯ ದ್ರಾವಣಕ್ಕೆ ಚಿಟಿಕೆ ಪುಡಿ ಬೆರೆಸಿದೆ. ಪುಡಿ ಬೇರೆ, ಬುದ್ಧಿ ನಿನ್ನದೇ.

"ಯಾರು ಹೇಳಿಕೊಟ್ಟದ್ದು?" ಎಂದು ಇವತ್ತು ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ಕೇಳಿದರು.

"ನಮ್ಮಮ್ಮ."

"ಮತ್ತೆ ನಿಂತಿದ್ದೀರಲ್ಲ! ಮೊದಲು ಅವರಿಗೆ ಹೇಳಿ, ಹೋಗಿ."

ಆಯಿತೆಂದು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ನಿನಗೆ ಹೇಳುತ್ತಿದ್ದೇನೆ.