ಅಕ್ಕ ಇಳಿಸಿದ ಶ್ರುತಿ

ಮಾರ್ಚ್ 14, ಶನಿವಾರ

ಕೀಬೋರ್ಡ್ ನುಡಿಸೋಕೆ ಅಕ್ಕ ಬಂದಿರ್ತಾಳೆ ಅಂತ ಗೊತ್ತಿದ್ದರೆ ನಾನು ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅಮ್ಮನ ಕೊನೆಗಾಲದಲ್ಲಿ ನಾನು ಆಡಿದ ಒಂದು ಕೆಟ್ಟ ಮಾತಿಗೆ ನಮ್ಮಿಬ್ಬರ ನಡುವೆ ಮೂರು ವರ್ಷದಿಂದ ಮಾತಿಲ್ಲ.

ಬಡಾವಣೆಯ ಸಂಗೀತ ನಾಟಕಕ್ಕೆ ಇವತ್ತು ಜನ ಆರಿಸೋ ದಿನ. ನಾನು ಟೈಲ್ಸ್ ಕೂರಿಸೋನು, ಇಷ್ಟು ವರ್ಷ ಹಾಡಿದ್ದೆಲ್ಲ ಖಾಲಿ ಬಚ್ಚಲುಮನೆಗಳಲ್ಲಿ. ಅಲ್ಲಿ ಕತ್ತೆ ಹಾಡಿದರೂ ಗಂಧರ್ವನ ಹಾಗೆ ಕೇಳುತ್ತೆ. ಆ ದೊಡ್ಡ ಹಾಲಿನಲ್ಲಿ ನಿಂತಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಎಲ್ಲರಿಗೂ ಒಂದೇ ಹಾಡು, ಒಂದೇ ಶ್ರುತಿ ಅಂತ ನಿರ್ದೇಶಕರು ಮೊದಲೇ ಹೇಳಿದ್ದರು. ಅದರ ಕೊನೇ ಸಾಲಿನ ಎತ್ತರಕ್ಕೆ ಹೋದರೆ ನನ್ನ ದನಿ ಒಡೆಯುತ್ತೆ, ಚಿಕ್ಕಂದಿನಿಂದಲೂ ಅಷ್ಟೇ. ಅಕ್ಕ ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಶ್ರುತಿಯನ್ನು ಮಾತ್ರ ಕೀಬೋರ್ಡಿನ ಎರಡು ಮನೆಯಷ್ಟು ಕೆಳಗಿಳಿಸಿ ಶುರು ಮಾಡಿದಳು.

"ಇವರಿಗ್ಯಾಕೆ ಇಳಿಸಿದ್ರಿ?" ಅಂದರು ನಿರ್ದೇಶಕರು.

"ಅವನಿಗೆ ಮೇಲೆ ಒಡೆಯುತ್ತೆ," ಅಂದಳು ಅಕ್ಕ, ಹಾಳೆ ಸರಿಮಾಡಿಕೊಳ್ಳುತ್ತಾ.

ಆಮೇಲೆ ಎತ್ತರದ ಸಾಲಿನ ತನಕ ಹೋಗೋ ಭಾಗ್ಯವೂ ನನಗೆ ಸಿಗಲಿಲ್ಲ. ಮೊದಲ ಸಾಲಿಗೇ ದನಿ ಒಡೆದುಹೋಯ್ತು.

ಅಕ್ಕ ನುಡಿಸೋದು ನಿಲ್ಲಿಸಿ ತನ್ನ ನೀರಿನ ಬಾಟಲಿಯನ್ನು ನನ್ನ ಕಡೆ ನೂಕಿದಳು. "ಕುಡಿ. ಮೊದಲಿಂದ ಹಾಡು."

ಹಾಡಿದೆ. ಪಾತ್ರ ಸಿಕ್ಕಿತೋ ಇಲ್ಲವೋ ಬುಧವಾರ ಹೇಳ್ತಾರಂತೆ. ಅದು ಇರಲಿ.

ಬಾಟಲಿ ಈಗ ನನ್ನ ಮೇಜಿನ ಮೇಲೆ ಇದೆ. ಕೊಡೋದು ಮರೆತುಹೋಯ್ತು ಅಂತ ನಾಳೆ ಅವಳ ಮನೆ ಬಾಗಿಲಲ್ಲಿ ನಿಂತು ಹೇಳಬೇಕು. ಮರೆತದ್ದೇನೂ ಅಲ್ಲ. ಅದು ಅವಳಿಗೂ ಗೊತ್ತಾಗುತ್ತೆ, ಆದರೂ ಹೋಗ್ತೀನಿ.