ಎಪ್ಪತ್ತು ಕಿಲೋದ ಮೇಲೆ

ಮಾರ್ಚ್ 3, ಸಂಜೆ

ಅಕ್ಷರ ಸೊಟ್ಟಪಟ್ಟ. ಒತ್ತು, ದೀರ್ಘ ತಪ್ಪಿದ್ದರೆ ಕ್ಷಮೆ ಇರಲಿ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಯಾರೂ ಓದಲ್ಲ, ಆದರೂ ಕೇಳಿಬಿಟ್ಟರೆ ನಿರಾಳ.

ನಾನು ದುಡಿಯುವ ಲಾಂಡ್ರಿಗೆ ಇವತ್ತು ಆಸ್ಪತ್ರೆಯ ಬೆಡ್‌ಶೀಟು. ಒದ್ದೆ ಗಂಟು ಎತ್ತಿ ಎತ್ತಿ ಭುಜ ಬಿಗಿ. ಆಮೇಲೆ ಕಿಕ್‌ಬಾಕ್ಸಿಂಗ್ ಪ್ರಾಕ್ಟೀಸು. ಕೋಚ್ ಸರ್ ಹೇಳಿದರು — ಈ ತಿಂಗಳ ಪಂದ್ಯದಲ್ಲಿ ಹೆಂಗಸರ ಹೆವಿವೇಟಿಗೆ ಈ ಸಲ ಇನ್ನೊಬ್ಬಳು ಹೆಸರು ಕೊಟ್ಟಿದ್ದಾಳಂತೆ! ಲಾರಿ ಡ್ರೈವರ್.

ಹೋದ ವರ್ಷ ನಾನೊಬ್ಬಳೇ. ಒಂದು ಗುದ್ದೂ ಹೊಡೆಯದೆ ಚಿನ್ನದ ಪದಕ. ಅಣ್ಣ ಇನ್ನೂ ಆಡಿಕೊಳ್ಳುತ್ತಾನೆ: ‘ನಮ್ಮ ಚಾಂಪಿಯನ್ನು ಗಾಳಿಗೆ ಗುದ್ದಿ ಗೆದ್ಲು.’ ಈ ಸಲ ನಿಜವಾಗಿ ಆಡಬೇಕು. ಸೋತರೂ ಸರಿ.

ಮಾರ್ಚ್ 9

ಜ್ವರ. ಊಟ ಸೇರುತ್ತಿಲ್ಲ.

ಮಾರ್ಚ್ 14, ಬೆಳಿಗ್ಗೆ 8.40

ಸ್ಟೇಡಿಯಂ ಬಾತ್‌ರೂಮಿನಲ್ಲಿ ಕೂತಿದ್ದೇನೆ. ನಮ್ಮ ವಿಭಾಗಕ್ಕೆ ಎಪ್ಪತ್ತು ಕಿಲೋ ದಾಟಿರಬೇಕು. ನಾನು 69.2. ಜ್ವರ ತಿಂದುಹಾಕಿದೆ. ಒಂಬತ್ತೂವರೆಗೆ ಇನ್ನೊಂದು ಸಲ ತೂಗುತ್ತಾರೆ. ಆಗಲೂ ಕಡಿಮೆಯಾದರೆ ಪಂದ್ಯವೇ ಇಲ್ಲ. ಹೊರಗೆ ಉಳಿದವರೆಲ್ಲ ತೂಕ ಇಳಿಸಲು ಸ್ವೆಟರ್ ಹಾಕಿಕೊಂಡು ಓಡುತ್ತಿದ್ದಾರೆ. ನಾನು ಅಳುತ್ತಿದ್ದೇನೆ... ಅತ್ತರೆ ಇನ್ನೂ ಇಳಿಯುತ್ತೋ ಏನೋ.

ಅದೇ ದಿನ, ಸಂಜೆ

ಬಾಗಿಲು ದಬದಬ. ತೆಗೆದರೆ ಲಾರಿ ಅಕ್ಕ — ನನಗಿಂತ ಒಂದು ಗೇಣು ಎತ್ತರ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಎರಡು ಬಾಟಲಿ ನೀರು.

‘ಏಯ್ ತಂಗಿ, ತಿನ್ನು. ನೀನಿಲ್ದಿದ್ರೆ ನಾನು ಯಾರಿಗೆ ಒದೀಲಿ? ಮುನ್ನೂರು ಕಿಲೋಮೀಟರ್ ಬಂದಿದೀನಿ!’

‘ಹೊಟ್ಟೆ ತುಂಬ್ತು ಅಕ್ಕ.’

‘ತುಂಬ್ಲಿ. ಇನ್ನೊಂದು.’

ಏಳು ಹಣ್ಣು ತಿನ್ನಿಸಿ ನೀರೂ ಕುಡಿಸಿದಳು. ಮತ್ತೆ ತೂಗಿದರೆ 70.3! ನನಗಿಂತ ಮೊದಲು ಅವಳೇ ಕುಣಿದಳು.

ಮೂರು ರೌಂಡು. ಮೊದಲನೆಯದರಲ್ಲಿ ನಾಚಿಕೆ, ಕೈಯೇ ಏಳಲಿಲ್ಲ. ಅವಳು ಒದ್ದದ್ದೇ ಒದ್ದದ್ದು. ಎರಡನೆಯದರಲ್ಲಿ ನನ್ನ ಒದೆ ಅವಳ ಪಕ್ಕೆಗೆ ಬಿತ್ತು. ಹಗ್ಗಕ್ಕೆ ಹೋಗಿ ಒರಗಿದಳು. ‘ಅಯ್ಯೋ, ತಿನ್ಸಿದ್ದೇ ತಪ್ಪಾಯ್ತು!’ ರೆಫರಿಗೂ ನಗು. ಮೂರನೆಯದು ಹಿಗ್ಗಾಮುಗ್ಗಾ. ಇಬ್ಬರು ಜಡ್ಜು ಅವಳಿಗೆ, ಒಬ್ಬರು ನನಗೆ. ಬೆಳ್ಳಿ.

ಸೋತರೂ ಇಷ್ಟು ಖುಷಿ ಇರುತ್ತೆ ಅಂತ ಯಾರೂ ಹೇಳಿರಲಿಲ್ಲ. ಅಣ್ಣ ಕುರ್ಚಿ ಹತ್ತಿ ನಿಂತು ಕೂಗಿದ್ದಾನೆ. ಗಂಟಲು ಕೂತಿದೆ, ಮಾತೇ ಹೊರಡುತ್ತಿಲ್ಲ — ಮನೆ ಹಾಯಾಗಿದೆ.

ಮಾರ್ಚ್ 16

ಲಾಂಡ್ರಿಯಲ್ಲಿ ಯಾವಾಗಲೂ ಮೈ ಕುಗ್ಗಿಸಿಕೊಂಡು ಗೋಡೆ ಪಕ್ಕ ನಿಲ್ಲುವವಳು ನಾನು. ಇವತ್ತು ಬೆಳಿಗ್ಗೆ ಜೊತೆ ಕೆಲಸದವರು ಕೇಳುವ ಮೊದಲೇ ಪ್ಯಾಂಟು ಮೊಣಕಾಲ ತನಕ ಮಡಚಿ ತೋರಿಸಿದೆ. ಈ ನೀಲಿ ಕಲೆ ಮೊದಲ ರೌಂಡಿನದು. ಇದು ಎರಡನೆಯದು. ಇಲ್ನೋಡಿ, ಇದು—