ಸಿರಿಲ್‌ರನ್ನು ಇನ್ನೊಮ್ಮೆ ಕೇಳಿದೆವು

ಅಪ್ಪ,

ನಿನ್ನನ್ನು ಮಣ್ಣು ಮಾಡಿದ ಮೇಲೂ ದಿನದ ಸುದ್ದಿ ನಿನಗೇ ಒಪ್ಪಿಸುವ ಚಾಳಿ ಹೋಗಿಲ್ಲ. ಇವತ್ತು ತುಂಬ ದಣಿದಿದ್ದೇನೆ.

ಇಂಗ್ಲೆಂಡಿನ ಬಾರ್ನ್ಸ್ಲಿ ಊರಿನಲ್ಲಿ ಸಿರಿಲ್ ಅಂತ ಒಬ್ಬರಿದ್ದಾರೆ. ನಿನ್ನ ಹಾಗೇ ಗಣಿಯಲ್ಲಿ ದುಡಿದವರು, ನಿನಗಿದ್ದ ಮರೆವಿನ ಕಾಯಿಲೆಯೇ ಅವರಿಗೂ. ಒಲೆಯ ಮೇಲೆ ಪಾತ್ರೆಯಿಟ್ಟು ಮರೆತು, ಅಡುಗೆಮನೆ ಅರ್ಧ ಸುಟ್ಟುಹೋಗಿತ್ತು. ಆರೈಕೆ ಕೇಂದ್ರಕ್ಕೆ ಸೇರಿಸಲೇಬೇಕೆಂದು ಮಗಳು ಜನೀನ್ ಹಟ ಹಿಡಿದಳು. ಊರಾಡಳಿತದ ಕೌನ್ಸಿಲ್ಲಿನವರು ಸಂಜೆ ಹೊತ್ತು ಕಚೇರಿಗೆ ಕರೆಸಿ ಕೇಳಿದಾಗ ಸಿರಿಲ್ ಬಾಯೇ ಬಿಡಲಿಲ್ಲವಂತೆ. ತಮ್ಮ ವಿಷಯ ತಾವೇ ನಿರ್ಧರಿಸುವ ಶಕ್ತಿ ಅವರಿಗಿಲ್ಲ ಎಂದು ಬರೆಯುವುದರಲ್ಲಿದ್ದರು.

ಇಂಥವರ ಪರವಾಗಿ ಮಾತಾಡುವ ನಮ್ಮ ಸಂಸ್ಥೆಯಿಂದ ನಾನು ಹೋಗಿ, ಅವರಿಗೆ ಅರ್ಥವಾಗುವ ಹೊತ್ತಿನಲ್ಲಿ, ಅರ್ಥವಾಗುವ ಹಾಗೆ ಕೇಳದೆ ಹಾಗೆನ್ನಲು ಕಾನೂನು ಬಿಡುವುದಿಲ್ಲ ಎಂದೆ. ಒಪ್ಪಿದರು. ಇವತ್ತು ಬೆಳಿಗ್ಗೆ ಅವರ ಹಿತ್ತಲಿನ ಪಾರಿವಾಳದ ಗೂಡಿನ ಹತ್ತಿರವೇ ಕೂತೆವು.

"ಮನೇಲೇ ಇದ್ರೆ ಏನಾಗ್ಬಹುದು, ಸಿರಿಲ್?" ಎಂದು ಕೌನ್ಸಿಲ್ಲಿನಾಕೆ ಕೇಳಿದಳು.

"ಸುಟ್ಟು ಸಾಯ್ಬಹುದು. ಆ ಕೇಂದ್ರದಲ್ಲಾದ್ರೆ ಟೀವಿ ಮುಂದೆ ಕೂತು ಸಾಯ್ತೀನಿ. ನಂಗೆ ಇದೇ ಸಾಕು ಕಣಮ್ಮ."

ದಡ್ಡ ನಿರ್ಧಾರ ಮಾಡುವ ಹಕ್ಕೂ ಅವರದೇ. ಗ್ಯಾಸ್ ತೆಗೆಸಿ, ದಿನಾ ಯಾರಾದರೂ ಬಂದು ನೋಡುವ ಏರ್ಪಾಡು ಮಾಡಿ, ಅವರನ್ನು ಮನೆಯಲ್ಲೇ ಬಿಟ್ಟೆವು.

ನಾನು ಟೀ ಕಪ್ಪು ತೊಳೆಯುತ್ತಿದ್ದಾಗ ಜನೀನ್ ಒಳಗೆ ಬಂದಳು. "ಫೋನ್ ಬಡ್ಕೊಂಡ್ರೆ ಎದ್ದು ಓಡೋಳು ನಾನು, ನೀವಲ್ಲ" ಎಂದಳು. ಅದು ನಿಜ. ಆಮೇಲೆ ಮೆಲ್ಲಗೆ, "ನಿಮ್ಮಪ್ಪಂಗೂ ಇದೇ ಕಾಯಿಲೆ ಇತ್ತು, ಕೇಂದ್ರಕ್ಕೆ ಸೇರಿಸಿದ್ವಿ ಅಂದ್ರಲ್ಲ. ಅವರನ್ನೂ ಹೀಗೇ ಕೂರಿಸ್ಕೊಂಡು ಕೇಳಿದ್ರಾ?" ಎಂದಳು.

ತೊಳೆದಿಟ್ಟ ಕಪ್ಪುಗಳನ್ನೇ ಮತ್ತೆ ತೊಳೆಯತೊಡಗಿದೆ, ಅಪ್ಪ.